ಖಾನಾಪುರ ಕಾಪಿ

"ಹಿಮ ಬೀಳೂ ಊರಾಗ ದೀಪಕ್ಕ ಹುಳ ಎಲ್ಲಿಂದ ಬರಬೇಕ್ರಿ ಮೇಡಂ?" ಎಂದು ಅಮೇಯ ಕೇಳಿದಾಗ ನಾನು ಮಚ್ಛೆಯ ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಿದ್ದೆ. ಕೇಳಿದ್ದು ಫೋನಿನಲ್ಲಿ, ನಮ್ಮ ಗುಂಪಿನ ಎಲ್ಲರೆದುರಿಗೆ. ಓದಿದ ತಕ್ಷಣ ಮೊದಲು ಸಿಟ್ಟು ಬಂತು. ಆಮೇಲೆ ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದೆ.

ಗುಂಪು ಹಳೆಯ ಕಂಪ್ಯೂಟರ್ ಆಟಗಳ ಹುಚ್ಚಿನವರದು. ಬ್ಯಾಂಕಿನವರಿದ್ದಾರೆ, ದಂತವೈದ್ಯರಿದ್ದಾರೆ, ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಈ ಅಮೇಯನಿದ್ದಾನೆ. ವಯಸ್ಸಿಗೆ ತಕ್ಕ ಬುದ್ಧಿ ಯಾರಿಗೂ ಇಲ್ಲ. ನಾನು ಮುಗ್ಧಾ, ಪಂಪು ತಯಾರಿಸುವ ಕಂಪನಿಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತೇನೆ, ಬೆಳಗಾವಿಯ ರಾಮತೀರ್ಥ ನಗರದಲ್ಲಿ ಒಬ್ಬಳೇ ಇದ್ದೇನೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತೇನೆ. ನಲವತ್ತು ಹತ್ತಿರ ಬಂದಮೇಲೆ ಕೇಳುವವರೂ ಕಡಿಮೆಯಾಗಿದ್ದಾರೆ.

ನಮ್ಮ ಜಗಳವೆಲ್ಲ ಒಂದು ಆಟದ ಒಂದು ದೃಶ್ಯದ್ದು. ಹಿಮದ ಗುಡ್ಡದಲ್ಲಿ ಕೋಟೆ ಕಾಯುವ ಕಥೆ ಅದು. ರೋವಾ ಎಂಬ ಸೇನಾನಿ, ಇಲ್ಡಾ ಎಂಬ ವೈದ್ಯೆ. ಇಬ್ಬರೂ ಹೆಂಗಸರು, ಮೂವತ್ತು ದಾಟಿದವರು, ಯುದ್ಧ ಕಂಡು ದಣಿದವರು. ಮೊದಲ ಕಾಳಗದ ಹಿಂದಿನ ರಾತ್ರಿ ಇಬ್ಬರೂ ಒಂದೇ ಡೇರೆಯಲ್ಲಿರುತ್ತಾರೆ. ಏನೋ ಒಂದಿಷ್ಟು ಮಾತಾಡುತ್ತಾರೆ. ದೀಪ ಆರುತ್ತದೆ, ಪರದೆ ಕಪ್ಪಾಗುತ್ತದೆ. ಆ ಕತ್ತಲಲ್ಲಿ ಏನಾಯಿತು ಎಂದು ಜಗತ್ತಿನ ಅಭಿಮಾನಿಗಳೆಲ್ಲ ಇಪ್ಪತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ.

ಆಟದ ಮೇಲೆ ಹದಿಮೂರು ದಾಟಿದವರಿಗೆ ಎಂಬ ಗುರುತಿದೆ. ಅಮೇಯನ ಪಕ್ಷದವರ ಬ್ರಹ್ಮಾಸ್ತ್ರ ಅದೇ. ಅಷ್ಟು ಚಿಕ್ಕವರ ಕೈಗೆ ಕೊಡುವ ಆಟದಲ್ಲಿ ಅಂಥದ್ದೇನೂ ಇರಲು ಸಾಧ್ಯವಿಲ್ಲ. ಇಬ್ಬರೂ ಗೆಳತಿಯರು, ಮಲಗಿದರು, ಬೆಳಗಾಯಿತು. ನಮ್ಮ ಪಕ್ಷದವರು, ಆ ಗುರುತು ಬೇಕಿದ್ದಕ್ಕೇ ದೀಪ ಆರಿಸಿದ್ದಾರೆ, ತಿಳಿಯುವವರಿಗೆ ತಿಳಿಯಲಿ ಎಂದು ಉಳಿದದ್ದನ್ನು ಮಾತಿನ ಸಂದಿಯಲ್ಲಿ ಇಟ್ಟಿದ್ದಾರೆ ಎನ್ನುತ್ತೇವೆ. ಹಾಸಿಗೆ ಒಂದೇ ಇದೆ ಎಂದು ಒಬ್ಬರು, ಕಂಬಳಿ ಎರಡಿವೆ ಎಂದು ಇನ್ನೊಬ್ಬರು. ಬೆಳಗ್ಗೆ ಇಲ್ಡಾಳ ಜಡೆ ಬಿಚ್ಚಿದೆ ಎಂದು ಒಬ್ಬರು, ಅದು ಚಿತ್ರ ಬರೆದವನ ಮರೆವು ಎಂದು ಮತ್ತೊಬ್ಬರು. ರೋವಾಳ ಕವಚದ ಪಟ್ಟಿಗಳನ್ನು ಯಾರು ಬಿಚ್ಚಿರಬಹುದು ಎಂಬುದರ ಮೇಲೆ ನಮ್ಮ ದಂತವೈದ್ಯರು ಬರೆದ ಪ್ರಬಂಧ ಓದಿದ ಮೇಲೆ ಅವರ ಹತ್ತಿರ ಹಲ್ಲು ತೋರಿಸಲು ನನಗೆ ಸಂಕೋಚವಾಗಿದೆ.

ಈ ಎಲ್ಲರ ನಡುವೆ ನನ್ನ ಮಾತಿಗೆ ತೂಕ ಬೇರೆ ಇತ್ತು. ನಾನು ಆಡಿದ ಪ್ರತಿಯಲ್ಲಿ ಇಲ್ಡಾ ಒಂದು ಮಾತು ಆಡುತ್ತಿದ್ದಳು. "ದೀಪ ಆರಸು, ಹುಳ ಬಿದ್ದು ಸಾಯಾಕತ್ತಾವು. ನಿನ್ನ ಮುಖ ನೋಡಾಕ ನನಗ ದೀಪ ಬೇಕಾಗಿಲ್ಲ." ಇಂಟರ್ನೆಟ್ಟಿನಲ್ಲಿ ಸಿಗುವ ಯಾವ ಪ್ರತಿಯಲ್ಲೂ ಈ ಮಾತಿಲ್ಲ. ಆದರೆ ಆ ಆಟ ಒಂದೊಂದು ದೇಶಕ್ಕೆ ಒಂದೊಂದು ಥರ ಕತ್ತರಿಸಿಕೊಂಡು ಹೋಗಿತ್ತು. ಹಾಗಾಗಿ ನನಗೆ ಸಿಕ್ಕಿದ್ದು ಕತ್ತರಿ ಬೀಳದ ಪ್ರತಿ ಎಂದು ನಾನೂ ನಂಬಿದ್ದೆ, ಉಳಿದವರನ್ನೂ ನಂಬಿಸಿದ್ದೆ. ಗುಂಪಿನಲ್ಲಿ ಅದಕ್ಕೆ ಖಾನಾಪುರ ಕಾಪಿ ಎಂದೇ ಹೆಸರು ಬಿತ್ತು. ಪೋಲೆಂಡಿನಲ್ಲಿ ಕುಳಿತ ಯಾರೋ ಒಬ್ಬ ಖಾನಾಪುರವನ್ನು ನಕ್ಷೆಯಲ್ಲಿ ಹುಡುಕಿದ್ದನಂತೆ.

ಈ ಮಾತಿನ ಮೇಲೆ ಬರೀ ವಾದ ಕಟ್ಟಿದ್ದರೆ ನನಗೆ ಚಿಂತೆ ಇರುತ್ತಿರಲಿಲ್ಲ. ನನ್ನನ್ನು ನೋಡಲು ಬಂದ ಗಂಡುಗಳನ್ನೆಲ್ಲ ನಾನು ಇದೇ ಮಾತಿನಿಂದ ಅಳೆದೆ. ಸಂಬಳ ಹೇಳಿದರು, ಸಾಂಬ್ರಾದಲ್ಲಿ ತೆಗೆದುಕೊಂಡ ಪ್ಲಾಟು ಹೇಳಿದರು, ಅಡುಗೆ ಬರುತ್ತದೆಯೇ ಎಂದು ಕೇಳಿದರು. ಕತ್ತಲಲ್ಲೂ ನನ್ನ ಮುಖ ಕಾಣುತ್ತದೆ ಎನ್ನುವಂಥವರು ಅವರಲ್ಲಿ ಯಾರೂ ಇರಲಿಲ್ಲ. ಪ್ರೀತಿ ಅಂದರೆ ಹೀಗಿರುತ್ತದೆ ಎಂದು ನನಗೆ ಗೊತ್ತಾದದ್ದು ಆ ಡೇರೆಯಲ್ಲಿ. ಅದಕ್ಕಿಂತ ಕಡಿಮೆಗೆ ಒಪ್ಪಲು ಮನಸ್ಸಾಗಲಿಲ್ಲ.

ಈ ವರ್ಷ ಆ ಆಟ ಹೊಸ ಬಣ್ಣ ಹಚ್ಚಿಕೊಂಡು ಮತ್ತೆ ಬಂತು. ಯಾವ ದೇಶದಲ್ಲಿ ಏನೇನು ಕತ್ತರಿಸಿದ್ದೆವೋ ಎಲ್ಲವನ್ನೂ ತಿರುಗಿ ಸೇರಿಸಿದ್ದೇವೆ ಎಂದು ಅದನ್ನು ಮಾಡಿದವರು ಹೇಳಿದರು. ನಾನು ರಜೆ ಹಾಕಿ ಆಡಿದೆ. ನನ್ನ ಮಾತು ಅದರಲ್ಲಿರಲಿಲ್ಲ. ಗುಂಪಿನಲ್ಲಿ ನಗು ಶುರುವಾಯಿತು. ಅದರ ಮೇಲೆ ಅಮೇಯನ ಹುಳದ ಪ್ರಶ್ನೆ. "ಸಿ.ಡಿ. ತೋರಸ್ರಿ, ಇಲ್ಲಾಂದ್ರ ಆ ಮಾತ ಇಲ್ಲ ಅಂತ ಒಪ್ಪಿಕೊಳ್ರಿ" ಎಂದು ಕೆಳಗೆ ಸೇರಿಸಿದ್ದ.

ಹಿಮದ ಗುಡ್ಡದಲ್ಲಿ ದೀಪಕ್ಕೆ ಹುಳ ಬರುವುದಿಲ್ಲ. ಇಷ್ಟು ವರ್ಷ ಇದು ನನಗೆ ಹೊಳೆದಿರಲೇ ಇಲ್ಲ. ದೀಪ ಕಂಡರೆ ಮೊದಲು ಹುಳದ ಚಿಂತೆ ಬರುವುದು ಯಾರಿಗೆ ಎಂದು ಕೇಳಿಕೊಂಡೆ. ಅಂಥ ಮನೆಯೊಂದು ನನಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಿ ಮುಚ್ಚಿ ಎದ್ದೆ.

ಅದು ಖಾನಾಪುರದ ಪದ್ಮಾಕರ ಕಾಕಾ ಅವರ ಮನೆ. ಬಸ್ ಸ್ಟ್ಯಾಂಡಿನ ಹಿಂದೆ ಮನೆ, ಮುಂಭಾಗದಲ್ಲಿ ಕಂಪ್ಯೂಟರ್ ಅಂಗಡಿ. ಅವರು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಯಲೇಬೇಕು. ಮಳೆಗಾಲದ ಸಂಜೆ ದೀಪಕ್ಕೆ ಹುಳ ಮುತ್ತಿದರೆ ದೀಪವನ್ನೇ ಆರಿಸಿ ಮನೆಮಂದಿಯೆಲ್ಲ ಕತ್ತಲಲ್ಲಿ ಹರಟೆ ಹೊಡೆಯುತ್ತ ಕೂಡುತ್ತಿದ್ದರು. ಕಾಕಾನ ಅಣ್ಣನ ಮಗಳು ಸುಹಾಸಿನಿ ನನ್ನ ಜೀವದ ಗೆಳತಿ. ಇಬ್ಬರಿಗೂ ಆಗ ಇಪ್ಪತ್ತು ವರ್ಷ. ಬೆಳಗಾವಿಯ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ನಾನು ಕಾಮರ್ಸ್, ಅವಳು ಇಂಗ್ಲಿಷ್ ಸಾಹಿತ್ಯ.

ಆಟದ ಸಿ.ಡಿ.ಯನ್ನು ಕಾಕಾ ಬೆಳಗಾವಿಯಿಂದ ತಂದರು. ಅದರ ಜೊತೆ ಬಂದ ಕಾಗದದ ಚಿತ್ರವನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಈ ಹದಿಮೂರು ಅಂದ್ರ ಏನ ಸುಹಾಸಿನಿ?"

"ಹದಿಮೂರು ವರ್ಷದ ಮ್ಯಾಲಿನವ್ರು ಆಡಬಹುದು ಅಂತ, ಕಾಕಾ."

"ಅಂದ್ರ ಒಳಗ ಏನರ ಐತಿ ಅಂದಂಗಾತು. ಇಲ್ಲಾಂದ್ರ ನಂಬರ್ ಯಾಕ ಹಾಕ್ತಿದ್ರು? ಯಾರರ ಆಡೂಮುಂದ ನೀ ಬಾಜು ಕುಂದ್ರು. ಅದರಾಗಿನವ್ರು ಏನ ಮಾತಾಡ್ತಾರ ಎಲ್ಲಾ ನನಗ ಕೇಳೂಹಂಗ ಕನ್ನಡದಾಗ ಹೇಳು."

ಸುಹಾಸಿನಿ ಆ ಕೆಲಸಕ್ಕೆ ಕುಳಿತಳು. ಅಂಗಡಿಯಲ್ಲಿ ಸ್ಪೀಕರ್ ಇರಲಿಲ್ಲ, ಗದ್ದಲ ಆಗುತ್ತದೆ ಎಂದು ಕಾಕಾ ಇಟ್ಟಿರಲಿಲ್ಲ. ಮಾತುಗಳು ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರುತ್ತಿದ್ದವು. ಅವಳು ಅವನ್ನು ಓದಿ, ರಾಜನಿಗೊಂದು ದನಿ, ಕಾವಲುಗಾರನಿಗೊಂದು ದನಿ ಮಾಡಿ ಹೇಳುತ್ತಿದ್ದಳು. ನಾನು ಮರಾಠಿ ಶಾಲೆಯಲ್ಲಿ ಕಲಿತವಳು, ನನ್ನ ಇಂಗ್ಲಿಷ್ ಆಗ ಕುಂಟುತ್ತಿತ್ತು. ಅಲ್ಲದೆ ಸುಹಾಸಿನಿ ಪಕ್ಕದಲ್ಲಿ ಕುಳಿತು ಹೇಳುವಾಗ ಓದುವ ತೊಂದರೆ ಯಾಕೆ ತೆಗೆದುಕೊಳ್ಳಬೇಕು? ಕಣ್ಣು ಚಿತ್ರದ ಮೇಲೆ, ಕಿವಿ ಅವಳ ಕಡೆ. ಕಥೆಯಲ್ಲಿ ಗಂಡಸು, ಹೆಂಗಸು ಎದುರುಬದುರಾದರೆ ಕಾಕಾ ಕತ್ತು ಉದ್ದ ಮಾಡುತ್ತಿದ್ದರು. ರೋವಾ, ಇಲ್ಡಾ ಬಂದರೆ, ಇಬ್ಬರು ಹೆಂಗಸರು ಮಾತಾಡಿದರೆ ಅದರಲ್ಲಿ ಏನಿರುತ್ತದೆ ಎಂದು ಪೇಪರ್ ಎತ್ತಿಕೊಳ್ಳುತ್ತಿದ್ದರು.

ಡೇರೆಯ ದೃಶ್ಯ ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಬರುತ್ತದೆ. ಅದು ಮುಗಿದು ಬೆಳಗಾದ ಮೇಲೆ ಒಂದು ಕಲ್ಲು ಸಿಗುತ್ತದೆ. ಅದನ್ನು ಮುಟ್ಟಿದರೆ ಅಲ್ಲಿಯವರೆಗಿನ ಆಟ ಸೇವ್ ಆಗುತ್ತದೆ. ನಾವು ಆ ಕಲ್ಲು ಮುಟ್ಟಲೇ ಇಲ್ಲ. ಕಾಲೇಜಿನಿಂದ ಬಂದು ಕುಳಿತು ಡೇರೆ ತಲುಪುವ ಹೊತ್ತಿಗೆ ಬಿಸಿಲು ಇಳಿದಿರುತ್ತಿತ್ತು. ಡೇರೆಯ ಮಾತು ನಡೆದಿರುವಾಗಲೇ ಕಾಕಾ ಊಟಕ್ಕೆ ಎದ್ದು ಮೇನ್ ಸ್ವಿಚ್ ತೆಗೆಯುತ್ತಿದ್ದರು. ಮರುದಿನ ಮತ್ತೆ ಮೊದಲಿನಿಂದ ಆಟ, ಮತ್ತೆ ಡೇರೆ, ಮತ್ತೆ ಸ್ವಿಚ್. ಆ ಬೇಸಿಗೆಯೆಲ್ಲ ಹೀಗೇ ಕಳೆಯಿತು. ನನಗೆ ಒಂದು ದಿನವೂ ಬೇಸರವಾಗಲಿಲ್ಲ, ಯಾಕಾಗಲಿಲ್ಲ ಎಂದು ಯೋಚಿಸಲೂ ಇಲ್ಲ.

ಡೇರೆಯ ಮಾತು ದಿನಕ್ಕೊಂದು ಥರ ಇರುತ್ತಿತ್ತು. ಒಂದು ದಿನ ಇಲ್ಡಾ, "ನಿನ್ನ ಕೈ ಎಷ್ಟ ತಣ್ಣಗ ಅದಾವು, ಇಲ್ಲಿ ಕೊಡು" ಅನ್ನುವಳು. ಇನ್ನೊಂದು ದಿನ, "ನಾಳಿ ನೀ ಹ್ವಾದ್ರ ನಾ ಯಾರ ಜೋಡಿ ಉಣ್ಣಲಿ" ಅನ್ನುವಳು. ಹುಳದ ಮಾತು ಮಾತ್ರ ಯಾವತ್ತೂ ತಪ್ಪುತ್ತಿರಲಿಲ್ಲ. ಸುಹಾಸಿನಿ ಅದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದಳು. ಮಾತು ಮುಂದೆ ಹೋಗಲು ಎಂಟರ್ ಒತ್ತಬೇಕಿತ್ತು. ಆ ಗುಂಡಿ ಅವಳ ಬದಿಗಿತ್ತು, ಅವಳ ಬೆರಳು ಅದರ ಮೇಲಿರುತ್ತಿತ್ತು.

"ದಿನಾ ಬ್ಯಾರೆ ಬ್ಯಾರೆ ಯಾಕ ಮಾತಾಡ್ತಾರ ಇವ್ರು?" ಎಂದು ಒಮ್ಮೆ ಕೇಳಿದ್ದೆ.

"ಆಟನ ಹಂಗ ಐತಿ" ಅಂದಿದ್ದಳು.

ನಾನು ಹೆಸರಿಗೆ ತಕ್ಕವಳು, ನಂಬಿದೆ. ಮುಂದಿನ ಚಳಿಗಾಲದಲ್ಲಿ ನಂದಗಡದ ಸುಯೋಗನೊಂದಿಗೆ ಅವಳ ಮದುವೆಯಾಯಿತು. ಕಾಕಾ ಆಟ ತೆಗೆದು ಝೆರಾಕ್ಸ್ ಮಷೀನ್ ಹಾಕಿದರು. ಮದುವೆಯಲ್ಲಿ ನಾನು ಹೇಗೆ ಅತ್ತೆನೆಂದರೆ ಬೀಗರ ಕಡೆಯವರು ನಾನೇ ಹುಡುಗಿಯ ತಂಗಿ ಎಂದುಕೊಂಡರು. ಗೆಳತಿಯ ಮದುವೆಯಲ್ಲಿ ಅಳುವುದು ಹೊಸದೇನಲ್ಲ, ಯಾರೂ ಏನೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಆಮೇಲೆ ಅವರಿವರ ಮದುವೆ, ಮುಂಜಿಯಲ್ಲಿ ಎದುರಾದರೆ ಆರಾಮಾ, ಆರಾಮ, ಅಷ್ಟೇ ಉಳಿಯಿತು.

ಅಮೇಯ ಕೇಳಿದ ಆ ಶನಿವಾರ ಅರ್ಧ ದಿನ ಕೆಲಸ. ಫ್ಯಾಕ್ಟರಿಯ ಸ್ಟೋರಿನಿಂದ ಸಿ.ಡಿ. ಹಾಕಲು ಬರುವ ಹಳೆಯ ಲ್ಯಾಪ್‌ಟಾಪ್ ಕೇಳಿಕೊಂಡೆ. ಅದರ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ವೈರು ಚುಚ್ಚಿದರೆ ಮಾತ್ರ ಜೀವ. ಮಚ್ಛೆಯ ಸ್ಟಾಪಿನಲ್ಲಿ ಖಾನಾಪುರದ ಬಸ್ ಹತ್ತಿದೆ. ಸಿ.ಡಿ. ತಂದು ಅಮೇಯನ ಬಾಯಿ ಮುಚ್ಚಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತು ಸಿ.ಡಿ.ಯಲ್ಲಿ ಇಲ್ಲದಿದ್ದರೆ ಅದು ಯಾರದು, ಯಾರಿಗೆ ಎಂಬ ಪ್ರಶ್ನೆ ದಾರಿಯುದ್ದಕ್ಕೂ ಜೊತೆಗೇ ಬಂತು. ಹೆದರಿಕೆಯಾಗಿತ್ತು ನನಗೆ. ಅದು ಸುಮ್ಮನೆ ಬಾಯಿಗೆ ಬಂದದ್ದು ಎಂದು ಅವಳು ನಕ್ಕರೆ, ನಾನು ಇಷ್ಟು ವರ್ಷ ಕಾದದ್ದು ಏತಕ್ಕೆ?

ಅಂಗಡಿ ಈಗ ಸುಹಾಸಿನಿಯ ಕೈಯಲ್ಲಿದೆ. ಝೆರಾಕ್ಸ್, ಆಧಾರ್, ಪಹಣಿ, ಎಲ್ಲವೂ ಉಂಟು. ನಂದಗಡದಿಂದ ದಿನಾ ಬಂದು ಹೋಗುತ್ತಾಳೆ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಕನ್ನಡಕವನ್ನೇ ಹುಡುಕುತ್ತಿದ್ದಳು. ಕಾಕಾ ಬಾಗಿಲ ಹೊರಗೆ ಕುರ್ಚಿಯಲ್ಲಿ ಬಿಸಿಲಿಗೆ ಕುಳಿತಿದ್ದರು. ಅವರಿಗೆ ಈಗ ಕಿವಿ ದೂರ.

"ಯಾರಿದು, ಬೆಳಗಾವಿ ಮಂದಿ" ಅಂದಳು ಸುಹಾಸಿನಿ. "ಆಧಾರ್ ಕಾರ್ಡ್ ಕಳಕೊಂಡಿಯೇನು?"

"ಕೋಟಿ ಆಟದ ಸಿ.ಡಿ. ಬೇಕಾಗಿತ್ತು."

ಯಾವ ಕೋಟೆ, ಯಾವ ಆಟ ಎಂದು ಅವಳು ಕೇಳಲಿಲ್ಲ. ಬಗ್ಗಿ ಕೆಳಗಿನ ಡ್ರಾವರ್ ಎಳೆದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಸಿ.ಡಿ. ತೆಗೆದಳು.

"ಇನ್ನೂ ಇಟ್ಟೀದಿ?"

"ಒಗಿಯಾಕ ಮನಸಾಗಲಿಲ್ಲ."

ಲ್ಯಾಪ್‌ಟಾಪಿಗೆ ವೈರು ಚುಚ್ಚಿದೆವು. ಅವಳು ಸ್ಟೂಲು ಎಳೆದುಕೊಂಡು ನನ್ನ ಬಲಕ್ಕೆ ಕುಳಿತಳು. ಹಿಂದೆಯೂ ಅಲ್ಲಿಯೇ ಕೂಡುತ್ತಿದ್ದದ್ದು. ಆಟ ಶುರುವಾಯಿತು. ಬಣ್ಣ ಮಾಸಿದ ಕೋಟೆ, ಚೌಕ ಚೌಕ ಮುಖದ ಕಾವಲುಗಾರರು. ಇವರನ್ನು ನೋಡಿಯೇ ನಾವು ಉಸಿರು ಬಿಗಿ ಹಿಡಿದಿದ್ದೆವೇ ಎಂದು ನಗು ಬಂತು. ನಡುನಡುವೆ ಗಿರಾಕಿ ಬಂದರೆ ಎದ್ದು ಹೋಗಿ ಝೆರಾಕ್ಸ್ ತೆಗೆದುಕೊಟ್ಟು ಬರುತ್ತಿದ್ದಳು. ಡೇರೆ ಬಂದಾಗ ಅವಳ ನಗು ನಿಂತಿತು. ಈ ಸಲ ನಾನು ಕೆಳಗಿನ ಅಕ್ಷರ ಓದಿದೆ, ಎಂಟರ್ ನಾನೇ ಒತ್ತಿದೆ.

ಗುಡ್ಡದ ಮೇಲೆ ಶತ್ರುಗಳಿದ್ದಾರೆ ಎಂದಳು ರೋವಾ. ದೀಪ ಆರಿಸು ಎಂದಳು ಇಲ್ಡಾ. ನೀನು ನಿದ್ದೆ ಮಾಡು ಎಂದಳು ರೋವಾ. ನೀನೂ, ಎಂದಳು ಇಲ್ಡಾ.

ಇದ್ದದ್ದು ಇಷ್ಟೇ. ಮೂಗು ಒರೆಸಿಕೊಳ್ಳುವಷ್ಟರಲ್ಲಿ ಮುಗಿಯುವ ಮಾತು. ಒಂದು ಬೇಸಿಗೆಯಿಡೀ ನಾವು ಇದನ್ನು ದಾಟಲಾಗದೆ ಕುಳಿತಿದ್ದೆವು. ಕೊನೆಯ ಮಾತನ್ನು ಪರದೆಯ ಮೇಲೆ ಹಾಗೇ ಬಿಟ್ಟು ಕೈ ತೆಗೆದೆ.

"ಹುಳದ ಮಾತು ಇದರಾಗ ಇಲ್ಲ" ಅಂದೆ.

"ಇಲ್ಲ."

"ಮತ್ತ ಅದು ಯಾರ ಮಾತು?"

ಅಷ್ಟರಲ್ಲಿ ಉಳವಪ್ಪ ಎಂಬ ಮುದುಕರೊಬ್ಬರು ಆಧಾರ್ ಕಾರ್ಡು ಹಿಡಿದು ಬಂದರು. ಸುಹಾಸಿನಿ ಎದ್ದು ಎರಡೂ ಬದಿ ಝೆರಾಕ್ಸ್ ತೆಗೆದಳು, ಕಾಗದ ಮಡಚಿ ಕೈಗೆ ಕೊಟ್ಟಳು, ಮನೆಯವರ ಆರೋಗ್ಯ ಕೇಳಿದಳು, ಮೆಟ್ಟಿಲು ನೋಡಿಕೊಂಡು ಇಳೀರಿ ಅಂದಳು. ನನಗೆ ಆ ಮುದುಕರ ಮೇಲೆ ಬಂದ ಸಿಟ್ಟು ದೇವರಿಗೇ ಗೊತ್ತು. ಅವಳು ತಿರುಗಿ ಬಂದು ಕುಳಿತು, ಲ್ಯಾಪ್‌ಟಾಪಿನ ಕಡೆ ನೋಡದೆ ನನ್ನ ಕಡೆ ನೋಡಿದಳು.

"ನಿನಗ ಹೇಳಿದ್ದೆ, ಮುಗ್ಧಾ. ದಿನಾ ಹೇಳಿದ್ದೆ. ನೀ ಮಾನಿಟರ್ ನೋಡಿಕೋತ ಕುಂತಿದ್ದಿ."

ಸಂತೋಷ ಎನ್ನಬೇಕೋ ಸಂಕಟ ಎನ್ನಬೇಕೋ, ಎರಡೂ ಒಟ್ಟಿಗೆ ನುಗ್ಗಿ ಬಂದವು. ಆ ಮಾತು ನಿಜವಿತ್ತು. ಅದನ್ನು ಒಬ್ಬರು ಇನ್ನೊಬ್ಬರಿಗೆ ನಿಜವಾಗಿಯೂ ಹೇಳಿದ್ದರು, ಆ ಇನ್ನೊಬ್ಬಳು ನಾನೇ ಆಗಿದ್ದೆ.

"ಆಟದ ಮಾತು ಅಂತ ತಿಳಕೊಂಡಿದ್ದೆ" ಅಂದೆ.

"ಹಂಗ ತಿಳಕೊಳ್ಳಲಿ ಅಂತನ ಹೇಳಿದ್ದೆ. ನಿನಗ ತಿಳೀತಂದ್ರ ಅಂಜಿಕಿ, ತಿಳೀಲಿಲ್ಲಂದ್ರ ಸಿಟ್ಟು. ಒಳಗ ಹೋಗಿ ಉಣ್ಣೂಮುಂದ ಕಣ್ಣಾಗ ನೀರ ಬರತಿತ್ತು. ಮೆಣಸಿನಕಾಯಿ ಖಾರ ಅಂತಿದ್ದೆ. ಕಾಕಾ ಪಾಪ ಮೆಣಸಿನಕಾಯಿ ಅಂಗಡಿನ ಬದಲಿ ಮಾಡಿದ್ರು."

ಇಬ್ಬರೂ ನಕ್ಕೆವು. ನಗುವಾಗ ನನ್ನ ಕಣ್ಣಲ್ಲೂ ನೀರಿತ್ತು, ಅದನ್ನು ಮುಚ್ಚಿಡಲು ನಾನು ಹೋಗಲಿಲ್ಲ.

"ಎಂಟರ್ ಯಾಕ ಒತ್ತತಿರಲಿಲ್ಲ ನೀ?"

"ಒತ್ತಿದ್ರ ಬೆಳಗಾಗತಿತ್ತಲ್ಲ."

ಹೊರಗೆ ಬಿಸಿಲು ಬಸ್ ಸ್ಟ್ಯಾಂಡಿನ ಗೋಡೆ ದಾಟಿತ್ತು. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ನಾ ದುಃಖದಾಗ ಅದೇನಿ ಅಂತ ತಿಳಕೋಬ್ಯಾಡ ಮತ್ತ" ಅಂದಳು. "ಸುಯೋಗ ಚಲೋ ಮನಶ್ಯಾ. ಮಗಳು ಧಾರವಾಡದಾಗ ಓದಾಕತ್ತಾಳ. ಎಲ್ಲಾ ಚಲೋ ಐತಿ. ಆದ್ರ ಡ್ರಾವರ್ ಸ್ವಚ್ಛ ಮಾಡೂಮುಂದ ಆ ಸಿ.ಡಿ. ಕೈಗೆ ಬಂದಾಗೆಲ್ಲಾ ಒಂದ ಕೇಳಬೇಕು ಅನಸತಿತ್ತು. ಆಗ ನಿನಗ ತಿಳದಿದ್ರ ಏನ ಮಾಡತಿದ್ದಿ?"

ಏನಾದರೂ ದೊಡ್ಡ ಮಾತು ಹೇಳಬಹುದಿತ್ತು. ಗುಂಪಿನಲ್ಲಿ ಅಂಥ ಮಾತು ಎಷ್ಟೋ ಬರೆದವಳು ನಾನು. ಇವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಗೊತ್ತಿಲ್ಲ" ಅಂದೆ. "ಮಾನಿಟರ್ ಅಂತೂ ನೋಡತಿರಲಿಲ್ಲ."

ಅವಳು ತಲೆ ಆಡಿಸಿದಳು. ಆ ಉತ್ತರ ಅವಳಿಗೆ ಸಾಕಾದಂತೆ ಕಂಡಿತು. ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, "ಇನ್ನೂ ತಣ್ಣಗನ ಅದಾವಲ್ಲ" ಅಂದಳು.

"ಸುಹಾಸಿನಿ, ಹೊತ್ತ ಹೊಂಟೈತಿ, ಬಂದ್ ಮಾಡು" ಎಂದು ಕಾಕಾ ಹೊರಗಿನಿಂದ ಕೂಗಿದರು.

ಅವಳು ಎಂಟರ್ ಮೇಲೆ ಬೆರಳಿಟ್ಟಳು. ಇನ್ನೊಮ್ಮೆ ಒತ್ತಿದರೆ ಕತ್ತಲು, ಕತ್ತಲು ಮುಗಿದರೆ ಬೆಳಗು, ಬೆಳಗಾದರೆ ಆ ಕಲ್ಲು. "ಒತ್ತಲೇನು?" ಎಂದು ಕೇಳಿದಳು.

"ಬ್ಯಾಡ" ಅಂದೆ.

ಎದ್ದು ಹೋಗಿ ಮೇನ್ ಸ್ವಿಚ್ ತೆಗೆದಳು. ಲ್ಯಾಪ್‌ಟಾಪ್ ಆರಿತು. ಸಿ.ಡಿ.ಯನ್ನು ಅವಳೇ ಮತ್ತೆ ಚೀಲದಲ್ಲಿ ಸುತ್ತಿ ಡ್ರಾವರಿನಲ್ಲಿಟ್ಟಳು, ನಾನು ಕೇಳಲಿಲ್ಲ. ಊಟ ಮಾಡಿಕೊಂಡು ಹೋಗು ಎಂದು ಕಾಕಾ ಹಟ ಹಿಡಿದರು. ಅವರ ಮನೆಯ ಪಡಸಾಲೆಯಲ್ಲಿ, ಇನ್ನೂ ಬೆಳಕಿರುವಾಗಲೇ, ಅವಳ ಪಕ್ಕ ಕುಳಿತು ಉಂಡೆ. ಮೆಣಸಿನಕಾಯಿ ಖಾರವೇನೂ ಇರಲಿಲ್ಲ.

ಬೆಳಗಾವಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಫೋನು ತೆಗೆದು ಗುಂಪಿನಲ್ಲಿ ಬರೆದೆ: "ಸಿ.ಡಿ. ನೋಡಿದೆ. ಆ ಮಾತು ಆಟದಾಗ ಇಲ್ಲ. ಖಾನಾಪುರ ಕಾಪಿ ಅಂತ ಏನೂ ಇಲ್ಲ. ಅಮೇಯ ಹೇಳಿದ್ದ ಖರೇ." ಹತ್ತಿಪ್ಪತ್ತು ವರ್ಷದ ವಾದದಲ್ಲಿ ಸೋತು ಇಷ್ಟು ಹಗುರವಾದವರು ಯಾರೂ ಇರಲಿಕ್ಕಿಲ್ಲ. ದಂತವೈದ್ಯರು ಅಳುವ ಮುಖ ಕಳಿಸಿದರು. ಯಾರೋ ಪಟಾಕಿ ಹಚ್ಚಿದ ಚಿತ್ರ ಹಾಕಿದರು.

ಅಮೇಯ ಒಳ್ಳೆಯ ಹುಡುಗ, ಗೆದ್ದೆ ಎಂದು ಕುಣಿಯಲಿಲ್ಲ. ಆದರೂ ಬಿಡದೆ ಕೇಳಿದ: "ಅಂದ್ರ ಆ ಇಬ್ಬರ ನಡುವ ಏನೂ ಇರಲಿಲ್ಲ ಅಂತ ಒಪ್ಪಿದ್ರಿ, ಹೌದಲ್ರಿ ಮೇಡಂ?"

ಆಟದಾಗಿನವರ ವಿಷಯ ನನಗ ಗೊತ್ತಿಲ್ಲ ಎಂದು ಬರೆದು, ಫೋನು ಚೀಲಕ್ಕೆ ಹಾಕಿದೆ.